ಆರು ವಾರ ಅಧ್ಯಾಯಗಳು ಬರುವುದಿಲ್ಲ

ಬಳಗದ ಎಲ್ಲರಿಗೂ ನಮಸ್ಕಾರ. ನಮ್ಮ ಬೇಟೆನಾಯಿ ಆರು ಮರಿ ಹಾಕಿದೆ. ಇಂದಿಗೆ 13 ದಿನ. ನಿನ್ನೆ ಮೊದಲ ಮರಿ ಕಣ್ಣು ತೆರೆಯಿತು. ಹಾಗಾಗಿ ಆರು ವಾರ ನನ್ನ ಕಾದಂಬರಿಯ ಹೊಸ ಅಧ್ಯಾಯಗಳನ್ನು ಕಳುಹಿಸುವುದಿಲ್ಲ.

3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ಮರಿ ಕಂಡದ್ದು, ಕೇಳಿದ್ದು ಅದರ ಸ್ವಭಾವದಲ್ಲಿ ಬೇರೂರುತ್ತದೆ. ಆ ದಿನಗಳು ಕೈಜಾರಿದರೆ ಮತ್ತೆ ಸಿಗುವುದಿಲ್ಲ. ನಮ್ಮದು ವಾಸನೆ ಹಿಡಿದು ಹೋಗುವ ತಳಿಯಲ್ಲ, ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ನಮ್ಮ ಕೂಗು ನಾಯಿಗೆ ಕೇಳಿಸುವುದೇ ಇಲ್ಲ. ಅದಕ್ಕೇ ಮರಿಗಳು ತಿನ್ನಲು ಶುರುಮಾಡಿದ ದಿನದಿಂದಲೇ ಪ್ರತಿ ಊಟಕ್ಕೂ ಮೊದಲು ಒಂದೇ ಬಗೆಯ ಸೀಟಿ ಊದಿ, ಅದು ಕೇಳಿದೊಡನೆ ಓಡಿ ಬರುವುದನ್ನು ರೂಢಿ ಮಾಡಿಸುತ್ತೇನೆ.

ಈ ವರ್ಷ ಕಾದಂಬರಿಯ ಮೂರನೆಯ ಕರಡು ಮುಗಿಯಿತು. ಬೆಳಗಿನ ಜಾವ ಬರವಣಿಗೆ, ಆಮೇಲೆ ನಾಯಿಗಳೊಂದಿಗೆ ಬಯಲು. ಮೇಜಿನ ಮುಂದೆ ಬಿಡಿಸಲಾಗದ ಎಷ್ಟೋ ಗಂಟುಗಳು ಅಲ್ಲಿ ಬಿಚ್ಚಿಕೊಂಡಿವೆ. ಪುಸ್ತಕವನ್ನು ನಾನೇ ಪ್ರಕಟಿಸುತ್ತಿರುವುದರಿಂದ ಪುಟವಿನ್ಯಾಸ, ಮುಖಪುಟ ನನ್ನ ಹೊಣೆ. ಮುದ್ರಿತ ಪ್ರತಿಗೂ ಇ-ಪುಸ್ತಕಕ್ಕೂ ಬೇರೆ ಬೇರೆ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಸಂಖ್ಯೆ) ಬೇಕು.

ಕರಡು ಓದುತ್ತಿರುವವರು ಈ ಬಿಡುವಿನಲ್ಲಿ ಟಿಪ್ಪಣಿ ಕಳುಹಿಸಿ. ನಡುವಿನ ಭಾಗ ಎಲ್ಲಿ ಬೇಸರ ತರಿಸಿತು ಎಂಬುದನ್ನು ಮುಚ್ಚಿಡದೆ ಬರೆಯಿರಿ.

ಮರಿ ಕೇಳಿರುವವರಿಗೆ: ಎಂಟು ವಾರ ತುಂಬುವ ಮೊದಲು ಕೊಡುವುದಿಲ್ಲ. ಬೇಲಿಯಿರುವ ಜಾಗ, ದಿನವೂ ಓಡಿಸುವ ಬಿಡುವು ಇಲ್ಲದವರು ದಯವಿಟ್ಟು ಒತ್ತಾಯಿಸಬೇಡಿ. ಕೊಬ್ಬು ಕಡಿಮೆಯಿರುವ ಈ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಅಪಾಯಕಾರಿ. ಒಯ್ಯುವವರು ತಮ್ಮ ಪಶುವೈದ್ಯರಿಗೆ ತಳಿಯನ್ನು ಮೊದಲೇ ತಿಳಿಸಿರಬೇಕು.