ಅಪ್ಪೆಮಿಡಿ ಬರಹ ಯಾರ ಮನೆ ಬಾಗಿಲಿಗೆ ಹೋಗಬೇಕು?

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡ್ಕೋಬೇಡ. ಉಪ್ಪಿನಕಾಯಿಗೆ ಹಾಕುವ ಎಳೆಯ ಮಾವಿನಕಾಯಿ, ನಮ್ಮ ಅಪ್ಪೆಮಿಡಿ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳದ ಬಗ್ಗೆ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ನಮ್ಮಜ್ಜಿ ಮನೆಯ ಅಟ್ಟದ ಮೇಲಿದ್ದ ಭರಣಿ ಕಣ್ಣಮುಂದೆ ಬಂತು. ಒಳ್ಳೆಯ ಬರಹ. ಮೂರು ತಿಂಗಳು ಸಾಗರ, ಸಿರಸಿ ಕಡೆ ತಿರುಗಿದ್ದು ಸಾಲುಸಾಲಿನಲ್ಲಿ ಕಾಣುತ್ತದೆ.

"40 ಗ್ರೂಪಿಗೆ ಲಿಂಕ್ ಹಾಕಿದೆ ಅಕ್ಕಾ, ಓದಿದ್ದು 17 ಜನ. ಬರೆಯೋದು ಬಿಡಲಾ?" ಅಂತ ಕೇಳಿದ್ದೀಯ.

ಬಿಡಬೇಡ. ಆ 40 ಗ್ರೂಪುಗಳ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡು. ಓದಿದ ಶಾಲೆಯ ಗ್ರೂಪು, ಅಪಾರ್ಟ್‌ಮೆಂಟಿನ ಗ್ರೂಪು, ಸೋದರತ್ತೆ ಮಗನ ಮದುವೆಗೆ ಮಾಡಿದ ಗ್ರೂಪು. ಇವುಗಳಲ್ಲಿ ಎಷ್ಟು ಕಡೆ ಮಾವಿನ ಮಿಡಿಯ ಮಾತು ಬರುತ್ತದೆ? ನೀರಿನ ಟ್ಯಾಂಕರ್ ಯಾವಾಗ ಬರುತ್ತೆ ಅಂತ ನೋಡಲು ಫೋನ್ ತೆಗೆದವರ ಎದುರು ನಿನ್ನ ಲಿಂಕ್ ಬಂದಿದೆ. ಅವರು ಓದದೆ ಮುಂದೆ ಹೋದರೆ ಅವರ ಮೇಲೂ ಸಿಟ್ಟು ಬೇಡ, ನಿನ್ನ ಬರಹದ ಮೇಲೂ ಬೇಡ.

ನಾನೂ ಹೀಗೆ ಮಾಡಿದ್ದೆ. ಪತ್ರಿಕೆಗಳಿಗೆ ಬರೆದು ಅಭ್ಯಾಸವಾಗಿದ್ದ ಕಾಲ. ಅಲ್ಲಿ ಓದುಗರನ್ನು ಪತ್ರಿಕೆಯೇ ತಂದುಕೊಡುತ್ತಿತ್ತು. ಜಾಲದಲ್ಲಿ ಬರೆಯಲು ಶುರು ಮಾಡಿದಾಗ ಆ ಕೆಲಸವೂ ನನ್ನದೇ ಅಂತ ಗೊತ್ತೇ ಇರಲಿಲ್ಲ. ನಮ್ಮೂರ ಹಳೆ ಬಾವಿಗಳ ಬಗ್ಗೆ ಬರೆದು ಒಂದೇ ಬೆಳಿಗ್ಗೆ ಸಿಕ್ಕಸಿಕ್ಕ ಕಡೆ ಅಂಟಿಸಿದೆ. ಒಂದು ಗ್ರೂಪಿನಿಂದ ನನ್ನನ್ನು ತೆಗೆದೇ ಹಾಕಿದರು. ಆ ದಿನ ತುಂಬಾ ಅತ್ತಿದ್ದೆ. ವಾರವಾದ ಮೇಲೆ ಬಾವಿ ತೋಡುವ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರ ಮಗನಿಗೆ ಅದೇ ಬರಹ ಕಳಿಸಿದೆ. ಅವನು ಅಪ್ಪನಿಗೆ ಓದಿ ಹೇಳಿದ. ಸಂಜೆ ಅವರೇ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ನಾನು ಬರೆದದ್ದರಲ್ಲಿ ಎರಡು ತಪ್ಪು ತೋರಿಸಿದರು. ಆಮೇಲೆ ಅವರ ಕಸುಬಿನ ಐದಾರು ಜನರಿಗೆ ತಾವೇ ಕಳಿಸಿಕೊಟ್ಟರು. ಹಂಚಿಕೊಳ್ಳುವುದು ಅಂದರೆ ಏನು ಅಂತ ನನಗೆ ತಿಳಿದದ್ದು ಆ ಸಂಜೆ.

ಹಾವೇರಿ ಕಡೆಯ ಕಾದಂಬರಿಕಾರ ಗಳಗನಾಥರ (1869–1942) ಕಥೆ ಕೇಳಿರುತ್ತೀಯ. ಕನ್ನಡ ಕಾದಂಬರಿಗೆ ಓದುಗರೇ ಇಲ್ಲ ಅನ್ನುವ ಕಾಲದಲ್ಲಿ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಾವು ಅದನ್ನು ಅವರ ಕಷ್ಟದ ಕಥೆಯಾಗಿ ಮಾತ್ರ ಹೇಳುತ್ತೇವೆ. ನನಗೆ ಅದರಲ್ಲಿ ಬೇರೆ ಏನೋ ಕಾಣುತ್ತದೆ. ಗಂಟು ಹೊತ್ತು ಊರೊಳಗೆ ಹೋದವರಿಗೆ ಯಾವ ಮನೆಯಲ್ಲಿ ಓದುವವರಿದ್ದಾರೆ ಅಂತ ಗೊತ್ತಾಗುತ್ತದೆ. ಯಾರು ಕೊಂಡರು, ಯಾರು ಮುಂದಿನದು ಯಾವಾಗ ಅಂತ ಕೇಳಿದರು ಅನ್ನುವುದೂ ಗೊತ್ತಾಗುತ್ತದೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರು ಮಾಡಿದಾಗಲೂ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡರು. ಈಗ ನಮ್ಮ ಕೈಯಲ್ಲಿ ಫೋನ್ ಇದೆ, ಗಂಟು ಹೊರುವ ಕಷ್ಟವಿಲ್ಲ. ಯಾವ ಮನೆ ಅಂತ ತಿಳಿದುಕೊಳ್ಳುವ ಕೆಲಸ ಮಾತ್ರ ಹಾಗೇ ಇದೆ.

ನಿನ್ನ ಬರಹವನ್ನೇ ತೆಗೆದುಕೊಳ್ಳೋಣ. ಅದಕ್ಕಾಗಿ ಕಾಯುತ್ತಿರುವವರು ಯಾರು? ಮಲೆನಾಡಿನಲ್ಲಿ ಒಳ್ಳೆಯ ಮರದ ಕಡ್ಡಿ ತಂದು ಅಪ್ಪೆಮಿಡಿ ಕಸಿ ಕಟ್ಟುವವರಿದ್ದಾರೆ. ಅವರಿಗೆ ಬೇಕಾದದ್ದು ನಿನ್ನ ಮೂರನೇ ಭಾಗ: ಶರಾವತಿ, ಅಘನಾಶಿನಿ ದಂಡೆಯ ಯಾವ ಮರದ ಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಮೆತ್ತಗಾಗದೆ ಉಳಿಯುತ್ತದೆ ಅನ್ನುವುದು. ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವ ಹೆಂಗಸರಿದ್ದಾರೆ. ಅವರಿಗೆ ಉಪ್ಪಿನ ಲೆಕ್ಕ ಬೇಕು, ಜೀರಿಗೆಯ ಪರಿಮಳದ ಜೀರಿಗೆ ಮಿಡಿ ಯಾರ ಹತ್ತಿರ ಸಿಗುತ್ತೆ ಅನ್ನುವುದು ಬೇಕು. ಇನ್ನು ಊರು ಬಿಟ್ಟವರು. ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಕೂತು ಮಾವಿನ ತಿಳಿಸಾರು ಅಪ್ಪೆಹುಳಿಯನ್ನು ನೆನೆಯುವವರು. ಅವರಿಗೆ ನಿನ್ನ ಮೊದಲ ಪ್ಯಾರಾ ಸಾಕು. ಮಿಡಿ ಕೀಳುವ ಆಸೆಗೆ ಕೊಂಬೆಯನ್ನೇ ಕಡಿಯುತ್ತಾರೆ ಅಂತ ನೊಂದು ಬರೆದಿದ್ದೀಯಲ್ಲ, ಅದು ಮರ ಉಳಿಸಲು ಓಡಾಡುವವರ ಕೈಗೆ ಹೋಗಬೇಕು.

ಒಂದೇ ಬರಹಕ್ಕೆ ನಾಲ್ಕು ಬಾಗಿಲಾಯಿತು, ಅಲ್ವಾ? ಹಾಗಾಗಿ ಜೊತೆಗೆ ಕಳಿಸುವ ಮಾತೂ ನಾಲ್ಕು ಥರ ಇರಬೇಕು. ನೀನು ಎಲ್ಲ ಕಡೆಗೂ "ನನ್ನ ಹೊಸ ಲೇಖನ, ಓದಿ ಅಭಿಪ್ರಾಯ ತಿಳಿಸಿ" ಅಂತ ಹಾಕಿದ್ದೀಯ. ಅದರಲ್ಲಿ ನೀನಿದ್ದೀಯ, ಓದುವವರಿಲ್ಲ. ಕಸಿ ಕಟ್ಟುವವರಿಗೆ ಹೀಗೆ ಬರೆ: "ಹತ್ತು ವರ್ಷದ ಭರಣಿಯಲ್ಲೂ ಗಟ್ಟಿ ಉಳಿದ ಮಿಡಿಯ ಮರ ನೋಡಿ ಬಂದೆ. ಅದರ ಗುಣ ಬರೆದಿದ್ದೇನೆ. ನಿಮ್ಮ ಕಡೆಯ ಮರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಹೇಳ್ತೀರಾ?" ಪರದೇಶದಲ್ಲಿರುವವರಿಗೆ ಸೊನೆಯ ಪರಿಮಳದ ಎರಡು ಸಾಲು ಹಾಕಿ, ಕೆಳಗೆ ಲಿಂಕ್ ಕೊಡು. ಬೇರೇನೂ ಬೇಡ. "ಈ ಗುಟ್ಟು ಕೇಳಿದರೆ ಬೆಚ್ಚಿಬೀಳ್ತೀರಿ" ಥರದ ಸಾಲು ಎಂದೂ ಬರೆಯಬೇಡ. ಒಳಗೆ ಬಂದವರಿಗೆ ಆ ಗುಟ್ಟು ಸಿಗದಿದ್ದರೆ ಮುಂದಿನ ಸಲ ನಿನ್ನ ಹೆಸರು ಕಂಡರೂ ತೆರೆಯುವುದಿಲ್ಲ.

ಕಾಲವೂ ಮುಖ್ಯ. ನೀನು ಇದನ್ನು ಹಾಕಿದ್ದು ಆಗಸ್ಟ್‌ನಲ್ಲಿ, ಮಳೆ ಹೊಯ್ಯುವಾಗ. ಮಿಡಿ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆಗ ಸಿರಸಿ ಪೇಟೆಯಲ್ಲಿ ಮಿಡಿಯದ್ದೇ ಮಾತು, ಮನೆಮನೆಯಲ್ಲಿ ಭರಣಿ ತೊಳೆದು ಒಣಗಿಸುತ್ತಿರುತ್ತಾರೆ. ಅದೇ ಬರಹವನ್ನು ಆಗ ಮತ್ತೆ ಕಳಿಸು. ಹಳೆಯದು ಅಂತ ಸಂಕೋಚ ಬೇಡ. ಪ್ರತಿ ವರ್ಷ ಮಿಡಿ ಬಿಡುವ ಹೊತ್ತಿಗೆ ಅದು ಹೊಸದೇ. ದಿನದ ಹೊತ್ತನ್ನೂ ನೋಡು. ನಮಗೆ ಬೆಳಗಿನ ಕಾಫಿಯ ಹೊತ್ತು, ಅಮೆರಿಕದಲ್ಲಿರುವವರಿಗೆ ರಾತ್ರಿ ಊಟ ಮುಗಿಸಿ ಫೋನ್ ಹಿಡಿಯುವ ಹೊತ್ತು. ಒಂದೇ ಸಲಕ್ಕೆ ಇಬ್ಬರೂ ಸಿಗುತ್ತಾರೆ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮ ಜನಕ್ಕೆ ಫಾರ್ವರ್ಡ್ ಅಂದರೆ ಅನುಮಾನ. ಅದಕ್ಕೆ ಕಾರಣವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್ಆ್ಯಪ್ ವದಂತಿ ನಂಬಿದ ಜನ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದರು. ದೇಶದ ಬೇರೆ ಕಡೆಯೂ ಅಂಥ ಸಾವುಗಳಾಗಿದ್ದವು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಮುಂದೂಡಬಹುದು ಅಂತ ಮಿತಿ ಹಾಕಿತು. ಕೈಯಿಂದ ಕೈಗೆ ತುಂಬಾ ಸಲ ದಾಟಿದ್ದಕ್ಕೆ ಎರಡು ಬಾಣದ ಗುರುತು ಬರುತ್ತದೆ. ಆ ಗುರುತು ಕಂಡರೆ ನಾನು ಮೊದಲು ನಂಬುವುದೇ ಇಲ್ಲ. ನೀನು ಫಾರ್ವರ್ಡ್ ಒತ್ತಬೇಡ. ಪ್ರತಿಯೊಬ್ಬರಿಗೂ ಹೆಸರು ಹಿಡಿದು, ಎರಡು ಸಾಲು ಕೈಯಾರೆ ಬರೆದು ಕಳಿಸು. ಹತ್ತು ಜನಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಈಗ ಸ್ವಲ್ಪ ಕೈಕೆಲಸದ ಮಾತು. ನೀನು ಕಳಿಸಿದ ಲಿಂಕ್ ನೋಡಿ ನಾನೇ ಒಂದು ಕ್ಷಣ ಹೆದರಿದೆ. ಶೇಕಡಾ ಗುರುತು, ಇಂಗ್ಲಿಷ್ ಅಕ್ಷರ, ಅಂಕಿ ಸೇರಿ ಹಾವಿನ ಹಾಗೆ ಉದ್ದಕ್ಕೆ ಹರಿದಿತ್ತು. ಬರಹದ ವಿಳಾಸವನ್ನು ಕನ್ನಡದಲ್ಲೇ ಬಿಟ್ಟಿದ್ದಕ್ಕೆ ಹೀಗಾಗಿದೆ. ಅಂಥ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಕನ್ನಡದ ಒಂದೊಂದು ಗುರುತೂ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಒತ್ತು, ಗುಣಿತ ಎಲ್ಲ ಲೆಕ್ಕ ಹಾಕಿದರೆ "ಅಪ್ಪೆಮಿಡಿ" ಎಂಬ ಒಂದೇ ಪದ 81 ಅಕ್ಷರ! ಅದನ್ನು ಒತ್ತಿದರೆ ಏನಾಗುತ್ತೋ ಅಂತ ಹಿರಿಯರು ಹಿಂಜರಿಯುತ್ತಾರೆ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಚಿಕ್ಕ ಪದ ಹಾಕಿಬಿಡು. ಶೀರ್ಷಿಕೆ, ಬರಹ ಎಲ್ಲ ಕನ್ನಡದಲ್ಲೇ ಇರಲಿ. ಕಳಿಸುವ ಮುಂಚೆ ನಿನ್ನ ನಂಬರಿಗೇ ಒಮ್ಮೆ ಕಳಿಸಿ ನೋಡು. ಲಿಂಕಿನ ಜೊತೆ ಯಾವ ಚಿತ್ರ ಬರುತ್ತೆ, ಶೀರ್ಷಿಕೆ ಎಲ್ಲಿ ತುಂಡಾಗುತ್ತೆ ಅಂತ ಗೊತ್ತಾಗುತ್ತದೆ. ನಿನ್ನದಕ್ಕೆ ಯಾವ ಚಿತ್ರವೂ ಬರಲಿಲ್ಲ. ಅಷ್ಟು ಚೆಂದದ ಮಿಡಿ ಗೊಂಚಲಿನ ಫೋಟೋ ಒಳಗಿತ್ತು!

ಬರಹವನ್ನು ಚಿತ್ರ ಮಾಡಿ ಹಂಚುವುದು ಈಗ ಜಾಸ್ತಿ. ಬಣ್ಣದ ಹಿನ್ನೆಲೆ, ಮೇಲೆ ಅಕ್ಷರ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಕಣ್ಣು ಕಾಣದವರು ಫೋನಿನಿಂದ ಓದಿಸಿಕೊಂಡು ಕೇಳುತ್ತಾರೆ. ಅವರಿಗೆ ಚಿತ್ರದೊಳಗಿನ ಅಕ್ಷರ ಸರಿಯಾಗಿ ಸಿಗುವುದಿಲ್ಲ. ನಾಳೆ ಯಾರೋ ಗೂಗಲ್‌ನಲ್ಲಿ ಹುಡುಕಿದರೂ ಅದು ಸಿಗುವುದು ಕಷ್ಟ. ಹುಡುಕುವಾಗ ನಮ್ಮವರು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತುತ್ತಾರೆ. ಹಾಗಾಗಿ ಬರಹದ ಕೊನೆಯಲ್ಲಿ ಒಂದು ಸಾಲಿನಲ್ಲಿ "ಅಪ್ಪೆಮಿಡಿ ಉಪ್ಪಿನಕಾಯಿ" ಅಂತ ಇಂಗ್ಲಿಷ್ ಅಕ್ಷರದಲ್ಲೂ ಬರೆದಿಡು. ಒಂದು ದಿನ ಹಂಚಿದ್ದು ಆ ದಿನಕ್ಕೆ ಮುಗಿಯುತ್ತದೆ. ಹುಡುಕಿ ಬರುವವರು ವರ್ಷಗಳ ನಂತರವೂ ಬರುತ್ತಾರೆ, ಅದೂ ನಿಜವಾಗಿ ಬೇಕಾಗಿ ಬರುತ್ತಾರೆ.

ಬರಹ ಕಳವಾಗುವ ಭಯ ನಿನಗಿದೆ ಅಂತ ಗೊತ್ತು. ಆಗುತ್ತದೆ. ನನ್ನ ತಾಯಿಯ ಬಗ್ಗೆ ನಾನು ಬರೆದದ್ದು ಹೆಸರಿಲ್ಲದೆ ಎಲ್ಲೆಲ್ಲೋ ಸುತ್ತಿ, ಕೊನೆಗೆ ನಮ್ಮ ಚಿಕ್ಕಮ್ಮನೇ "ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡು" ಅಂತ ನನಗೆ ಕಳಿಸಿದರು. ಎದೆಗೆ ಚುಚ್ಚಿತು. ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಇಡೀ ಬರಹವನ್ನು ಸಂದೇಶವಾಗಿ ಕಳಿಸುವುದಿಲ್ಲ, ಒಂದು ಪ್ಯಾರಾ ಮತ್ತು ಲಿಂಕ್ ಮಾತ್ರ. ಮತ್ತೆ ಹೆಸರನ್ನು ಕೊನೆಯಲ್ಲಿ ಮಾತ್ರ ಹಾಕದೆ ಬರಹದ ಒಳಗೇ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಯಾರೋ ನನ್ನನ್ನು ಹೆಸರು ಹಿಡಿದು ಕರೆಯುವ ಒಂದು ಮಾತು ಕಥೆಯಲ್ಲೇ ಇದ್ದರೆ ಕತ್ತರಿಸುವುದು ಸುಲಭವಲ್ಲ.

ಫೇಸ್‌ಬುಕ್ಕನ್ನೇ ನಂಬಿ ಕೂರಬೇಡ. ಅದೇ ಥರದ ಜಾಲತಾಣ ಆರ್ಕುಟ್‌ನಲ್ಲಿ ನಮ್ಮದೊಂದು ದೊಡ್ಡ ಬಳಗವೇ ಇತ್ತು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಅಲ್ಲಿದ್ದ ಎಷ್ಟೋ ಒಳ್ಳೆಯ ಓದುಗರ ಊರು ಯಾವುದು ಅಂತಲೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಈಗಲೂ ಆ ನೋವಿದೆ. ನೀನು ಒಂದು ನೋಟ್‌ಬುಕ್ ಇಡು. ನಿನ್ನ ಬರಹ ಓದಿ ಒಂದು ಪ್ರಶ್ನೆ ಕೇಳಿದವರ ಹೆಸರು, ಊರು, ಅವರಿಗೆ ಯಾವುದರಲ್ಲಿ ಆಸಕ್ತಿ ಅಂತ ಬರೆದಿಡು. ಅವರು ಒಪ್ಪಿದರೆ ವಾಟ್ಸ್ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ, ಅಂದರೆ ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿಗೆ ಸೇರಿಸು. ಒಂದು ಲಿಸ್ಟಿಗೆ 256 ಜನ ಹಿಡಿಯುತ್ತಾರೆ. ಅದರ ಒಂದು ಗುಣ ನನಗೆ ಇಷ್ಟ: ನಿನ್ನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅಂದರೆ ಬೇಕು ಅಂದವರಿಗೆ ಮಾತ್ರ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದೊಂದಿದೆ. ನೀನು ಬೇರೆಯವರದನ್ನು ಓದು. ಅಡುಗೆ, ತೋಟ, ಮರ, ಊರಿನ ಬಗ್ಗೆ ಬರೆಯುವ ನಿನ್ನ ವಯಸ್ಸಿನವರು ಎಷ್ಟೋ ಜನ ಇದ್ದಾರೆ. ಓದಿ, ಯಾವ ಸಾಲು ಮನಸ್ಸಿಗೆ ಹತ್ತಿರವಾಯಿತು ಅಂತ ಅವರಿಗೆ ಬರೆ. "ಸೂಪರ್, ನನ್ನದೂ ನೋಡಿ" ಅಂತ ಬೇಡ. ಚೆನ್ನಾಗಿದ್ದರೆ ನಿನ್ನವರಿಗೆ ಹಂಚು. ನಿನ್ನ ಹೆಸರಿನಿಂದ ಬಂದದ್ದು ಓದುವಂಥದ್ದು ಅನ್ನುವ ನಂಬಿಕೆ ಹುಟ್ಟುವುದು ಹೀಗೆ. ಕಾಗದದ ಪತ್ರಿಕೆಯನ್ನೂ ಮರೆಯಬೇಡ. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಕೃಷಿಕರ ಕೈಯಲ್ಲೇ ಬರೆಸಿಕೊಂಡು ಬಂದಿದೆ. ಅಂಥ ಕಡೆ ಅರ್ಧ ಪುಟ ಬಂದರೂ ತೋಟದ ಕೆಲಸ ಮಾಡುವವರು ಓದುತ್ತಾರೆ, ಹುಡುಕಿಕೊಂಡು ನಿನ್ನ ಹತ್ತಿರ ಬರುತ್ತಾರೆ.

ಆ 17 ಜನ ಯಾರು ಅಂತ ನೋಡಿದೆಯಾ? ಅದರಲ್ಲಿ ನಾನೊಬ್ಬಳು. ನಿನ್ನೆ ನಮ್ಮ ಪಕ್ಕದ ಮನೆಯ ಅಜ್ಜಿಗೆ ಜಗಲಿಯಲ್ಲಿ ಕೂತು ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ: "ಮಿಡಿ ಉಪ್ಪಿನಲ್ಲಿ ಬಾಡಿದ ಮೇಲೆ ಬಿಟ್ಟುಕೊಂಡ ನೀರಿದೆಯಲ್ಲ, ಅವಳು ಕಂಡ ಮನೆಗಳಲ್ಲಿ ಅದನ್ನು ಕುದಿಸಿ ಆರಿಸಿ ಮಸಾಲೆ ಅರೀತಾರಾ, ಇಲ್ಲ ಹಸಿಯಾಗೇ ಹಾಕ್ತಾರಾ?" ನೀನು ಅದನ್ನು ಬರೆದಿಲ್ಲ. ಕೇಳಿ ತಿಳಿದುಕೊಂಡು ಬೇಗ ಬರೆ. ಅವರು ದಿನಾ ಕೇಳುತ್ತಿದ್ದಾರೆ.

ನಿನ್ನ ಅಕ್ಕ