ಸಂಶೋಧಕರಿಗೆ ಬಾಣದ ಚಿತ್ರಕ್ಕಿಂತ ಮೊದಲು ಆಜ್ಞೆಯ ಸಾಲು ಕಲಿಸಿ

ಮಾನ್ಯ ಸಂಪಾದಕರೇ,

ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳ ಗುಣಮಟ್ಟದ ಬಗ್ಗೆ ವಾಚಕರ ಪತ್ರಗಳಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಕೃತಿಚೌರ್ಯ, ಮಾರ್ಗದರ್ಶಕರ ಕೊರತೆ, ವರ್ಷಗಟ್ಟಲೆ ವಿಳಂಬ ಎಲ್ಲವೂ ಅಲ್ಲಿ ಪ್ರಸ್ತಾಪವಾಗುತ್ತವೆ. ದತ್ತಾಂಶ ವಿಶ್ಲೇಷಣೆಯ ಅಧ್ಯಾಯವನ್ನು ಸಂಶೋಧಕರು ತಾವೇ ಮಾಡುತ್ತಾರೆಯೇ, ಮಾಡಿದರೂ ಅರಿತು ಮಾಡುತ್ತಾರೆಯೇ ಎಂಬ ಪ್ರಶ್ನೆ ಮಾತ್ರ ಏಳುವುದು ಕಡಿಮೆ. ಶಿಕ್ಷಣ, ವಾಣಿಜ್ಯ, ನಿರ್ವಹಣಾಶಾಸ್ತ್ರ, ಮನೋವಿಜ್ಞಾನ ವಿಭಾಗಗಳಲ್ಲಿ ಈಗ ವಾಡಿಕೆಯಾಗಿರುವ ರಚನಾತ್ಮಕ ಸಮೀಕರಣ ಮಾದರಿ, ಅಂದರೆ ಸಂಶೋಧಕರು ‘ಸೆಮ್’ ಎಂದೇ ಕರೆಯುವ ವಿಧಾನದ ಕಲಿಕೆಯಲ್ಲಿ ನಾನು ಕಂಡ ಒಂದು ದೋಷವನ್ನು ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ವಿದ್ಯಾರ್ಥಿಯ ಎತ್ತರವನ್ನು ಟೇಪು ಹಿಡಿದು ಅಳೆಯಬಹುದು, ಓದಿನ ಆಸಕ್ತಿಯನ್ನು ಹಾಗೆ ಅಳೆಯಲಾಗದು. ಆಸಕ್ತಿಯ ಸುಳಿವು ಕೊಡುವ ನಾಲ್ಕಾರು ಪ್ರಶ್ನೆಗಳನ್ನು ಕೇಳಿ, ಉತ್ತರಗಳ ಹಿಂದೆ ಕಣ್ಣಿಗೆ ಕಾಣದ ಒಂದು ಚಲಕ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಗುಣ, ಇದೆಯೆಂದು ಊಹಿಸಿ, ಆ ಊಹೆ ಅಂಕಿಗಳೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದು ಈ ವಿಧಾನದ ಮೊದಲ ಹೆಜ್ಜೆ. ಇಂತಹ ಕಾಣದ ಚಲಕಗಳಲ್ಲಿ ಯಾವುದು ಯಾವುದರ ಮೇಲೆ ಎಷ್ಟು ಪ್ರಭಾವ ಬೀರುತ್ತದೆ ಎಂದು ಲೆಕ್ಕ ಹಾಕುವುದು ಎರಡನೆಯದು. ಎರಡನ್ನೂ ಚಿತ್ರವಾಗಿ ತೋರಿಸಬಹುದು: ಕಾಣದ್ದಕ್ಕೆ ದೀರ್ಘವೃತ್ತ, ಅಳೆದದ್ದಕ್ಕೆ ಆಯತ, ನಡುವೆ ಬಾಣಗಳು. ನಾನು ಹೋಗಿಬಂದ ಕಾರ್ಯಾಗಾರಗಳಲ್ಲೆಲ್ಲ ಕಲಿಸಿದ್ದು ಈ ಚಿತ್ರ ಬಿಡಿಸುವುದನ್ನೇ. ನನ್ನ ತಕರಾರು ಇರುವುದು ಅಲ್ಲಿ.

ಎರಡು ದಿನದ ಕಾರ್ಯಾಗಾರದಲ್ಲಿ ಮೌಸ್ ಹಿಡಿದು ವೃತ್ತ, ಬಾಣಗಳನ್ನು ಎಳೆದು ಪ್ರಮಾಣಪತ್ರ ಪಡೆದ ನಾನು, ಊರಿಗೆ ಬಂದು ನನ್ನದೇ ದತ್ತಾಂಶವನ್ನು ತೆರೆದಾಗ ಏನೂ ತೋಚದೆ, ಡೇಟಾ ಅನಾಲಿಸಿಸ್ ಮಾಡಿಕೊಡುವ ಒಂದು ಅಂಗಡಿಗೆ ಹಣ ಕೊಟ್ಟು ಕೆಲಸ ಒಪ್ಪಿಸಿದೆ. ವಾರದೊಳಗೆ ಬಣ್ಣದ ಚಿತ್ರವೂ ಅಂದವಾದ ಕೋಷ್ಟಕಗಳೂ ಬಂದವು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಚಿತ್ರದ ಬಲ ಅಂಚಿನಲ್ಲಿದ್ದ, ಎರಡೂ ತುದಿಗೆ ಮೊನೆಯಿರುವ ಒಂದು ಸಣ್ಣ ಬಾಣದ ಮೇಲೆ ಬೆರಳಿಟ್ಟು, ‘ನಾಲ್ಕನೆಯ ಮತ್ತು ಏಳನೆಯ ಪ್ರಶ್ನೆಗಳ ದೋಷಾಂಶಗಳನ್ನು ಏಕೆ ಜೋಡಿಸಿದ್ದೀರಮ್ಮ?’ ಎಂದು ಕೇಳಿದರು. (ದೋಷಾಂಶವೆಂದರೆ ಉತ್ತರದಲ್ಲಿ ಕಾಣದ ಚಲಕ ವಿವರಿಸದೆ ಉಳಿಯುವ ಪಾಲು.) ಅಂತಹದೊಂದು ಬಾಣ ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅಂಕಿಗಳು ಚೆನ್ನಾಗಿ ಕಾಣಲೆಂದು ಅಂಗಡಿಯವರು ಅದನ್ನು ಎಳೆದಿದ್ದರೆಂದು ಆಮೇಲೆ ತಿಳಿಯಿತು. ಅವರನ್ನು ದೂರಿ ಫಲವಿಲ್ಲ, ಹೆಸರು ನನ್ನದಿರುವ ಪ್ರಬಂಧದ ಹೊಣೆಯೂ ನನ್ನದೇ. ಆದರೆ ಆ ಮಾದರಿಯನ್ನು ಚಿತ್ರದ ಬದಲು ಕಂಪ್ಯೂಟರಿಗೆ ಕೊಡುವ ಆಜ್ಞೆಯ ಸಾಲುಗಳಲ್ಲಿ ಬರೆದಿದ್ದರೆ, ಮೂವತ್ತು ಬಾಣಗಳ ನಡುವೆ ಅಡಗಿದ್ದ ಆ ಜೋಡಣೆ ಪ್ರತ್ಯೇಕ ಸಾಲಾಗಿ ಕಣ್ಣಿಗೆ ಬೀಳುತ್ತಿತ್ತು.

ಆಜ್ಞೆಗಳನ್ನು ಬರೆಯುವುದೆಂದರೆ ಹೆದರುವುದಕ್ಕೆ ಹಳೆಯ ಕಾರಣವೊಂದಿದೆ. ಸ್ವೀಡನ್ನಿನ ಕಾರ್ಲ್ ಯೋರೆಸ್ಕೋಗ್ ಮತ್ತು ಡಾಗ್ ಸೋರ್ಬೋಮ್ 1970ರ ದಶಕದಲ್ಲಿ ಬಳಕೆಗೆ ತಂದ, ‘ಸೆಮ್’ ಲೆಕ್ಕದ ತಂತ್ರಾಂಶವಾದ ಲಿಸ್ರೆಲ್‌ನಲ್ಲಿ ಲ್ಯಾಂಬ್ಡಾ, ಬೀಟಾ, ಗಾಮಾ ಎಂಬ ಗ್ರೀಕ್ ಹೆಸರಿನ ಮ್ಯಾಟ್ರಿಕ್ಸ್‌ಗಳಲ್ಲಿ ಮಾದರಿಯನ್ನು ಯೋಚಿಸಬೇಕಾಗಿತ್ತು. ಗಣಿತ ಬಿಟ್ಟು ಬಂದವರಿಗೆ ಅದು ಕಬ್ಬಿಣದ ಕಡಲೆ. ಜೇಮ್ಸ್ ಆರ್ಬಕಲ್ ಅವರ ಏಮೋಸ್ ತಂತ್ರಾಂಶ, ಚಿತ್ರ ಬಿಡಿಸಿದರೆ ಸಾಕು ಎಂದಾಗ ಜನ ಅತ್ತ ವಾಲಿದ್ದು ಸಹಜವೇ. ಆದರೆ ಆ ಬಳಿಕ ಆಜ್ಞೆಗಳ ಭಾಷೆಯೇ ಬಹಳ ಸರಳವಾಗಿದೆ. ಲಿಂಡಾ ಮತ್ತು ಬೆಂಗ್ಟ್ ಮುಥೇನ್ 1998ರಲ್ಲಿ ಹೊರತಂದ ಎಂಪ್ಲಸ್‌ನಲ್ಲಿ ಬೈ, ಆನ್, ವಿತ್ ಎಂಬ ಮೂರು ಪುಟ್ಟ ಪದಗಳಲ್ಲೇ ಮಾದರಿಯ ಬಹುಭಾಗ ಮುಗಿಯುತ್ತದೆ. ಪ್ರತಿ ಹೇಳಿಕೆಯ ಕೊನೆಗೆ ಅರ್ಧವಿರಾಮ ಹಾಕಲು ಮರೆಯಬಾರದು, ಅಷ್ಟೆ. ಅದಕ್ಕೆ ಹಣ ಕೊಡಬೇಕು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಈವ್ ರೋಸೀಲ್ ರೂಪಿಸಿ 2012ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ವಿವರಿಸಿದ ಲಾವಾನ್ ಪೂರ್ತಿ ಉಚಿತ. ಅದು ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯೊಳಗೆ ಕೆಲಸ ಮಾಡುತ್ತದೆ.

ಲಾವಾನ್ ಕಲಿಯಲು ಹೊರಟವರು ಮೊದಲು ಗುರುತು ಮಾಡಿಕೊಳ್ಳಬೇಕಾದದ್ದು ಮೂರೇ ಚಿಹ್ನೆಗಳನ್ನು. ‘=~’ ಎಂದರೆ ಎಡಗಡೆಯ ಕಾಣದ ಚಲಕವನ್ನು ಬಲಗಡೆಯ ಪ್ರಶ್ನೆಗಳಿಂದ ಅಳೆದಿದ್ದೇನೆ ಎಂದು. ಬರಿಯ ‘~’ ಎಂದರೆ ಎಡಗಡೆಯದು ಬಲಗಡೆಯದನ್ನು ಅವಲಂಬಿಸಿದೆ ಎಂದು. ‘~~’ ಎಂದರೆ ಎರಡೂ ಒಟ್ಟಿಗೆ ಏರಿಳಿಯುತ್ತವೆ, ಯಾವುದು ಕಾರಣ ಎಂಬ ಗೊಡವೆ ನನಗೆ ಬೇಡ ಎಂದು. ಅಭ್ಯಾಸಕ್ಕೆ ಬೇಕಾದ ದತ್ತಾಂಶವೂ ಅದರ ಜೊತೆಗೇ ಬರುತ್ತದೆ: ಹೋಲ್ಜಿಂಗರ್ ಮತ್ತು ಸ್ವೈನ್‌ಫರ್ಡ್ 1939ರಲ್ಲಿ ಪ್ರಕಟಿಸಿದ, ಅಮೆರಿಕದ ಎರಡು ಶಾಲೆಗಳ 7 ಮತ್ತು 8ನೆಯ ತರಗತಿಯ 301 ಮಕ್ಕಳ ಅಂಕಗಳಲ್ಲಿ ಒಂಬತ್ತು ಪರೀಕ್ಷೆಗಳದ್ದು. ಆ ಪರೀಕ್ಷೆಗಳನ್ನು ಎಕ್ಸ್1ರಿಂದ ಎಕ್ಸ್9 ಎಂದು ಕರೆದರೆ, ಮಾದರಿ ಇಷ್ಟೇ:

ದೃಶ್ಯ =~ ಎಕ್ಸ್1 + ಎಕ್ಸ್2 + ಎಕ್ಸ್3
ಪಠ್ಯ =~ ಎಕ್ಸ್4 + ಎಕ್ಸ್5 + ಎಕ್ಸ್6
ವೇಗ =~ ಎಕ್ಸ್7 + ಎಕ್ಸ್8 + ಎಕ್ಸ್9

(ಓದುಗರ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ; ಯಂತ್ರದ ಮುಂದೆ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.) ಈ ಮೂರು ಸಾಲುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಒಂದು ಹೆಸರು ಕೊಟ್ಟು, ‘ಸಿಎಫ್‌ಎ’ ಎಂಬ ಆಜ್ಞೆಗೆ ಮಾದರಿಯ ಹೆಸರನ್ನೂ ದತ್ತಾಂಶದ ಹೆಸರನ್ನೂ ಒಪ್ಪಿಸಿದರೆ ಕೆಲಸ ಮುಗಿಯಿತು, ‘ಸಮ್ಮರಿ’ ಎಂದರೆ ಫಲಿತಾಂಶ ತೆರೆದುಕೊಳ್ಳುತ್ತದೆ.

ಫಲಿತಾಂಶ ನೋಡುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಸಬೇಕೆಂಬುದು ನನ್ನ ಹಟ. ಒಂಬತ್ತು ಪರೀಕ್ಷೆಗಳ ವೇರಿಯನ್ಸ್ (ಪ್ರತಿಯೊಂದರ ಅಂಕಗಳ ಹರಡುವಿಕೆ), ಎರಡೆರಡರ ಅಂಕಗಳು ಒಟ್ಟಿಗೆ ಏರಿಳಿಯುವ ಪ್ರಮಾಣವಾದ ಕೋವೇರಿಯನ್ಸ್‌ಗಳೆಲ್ಲ ಸೇರಿ 9×10÷2, ಅಂದರೆ 45 ಅಂಕಿಗಳು ನಮ್ಮ ಕೈಯಲ್ಲಿರುವ ಬಂಡವಾಳ. ಖರ್ಚಿನ ಕಡೆ, ಅಂದರೆ ಯಂತ್ರ ಅಂದಾಜು ಮಾಡಬೇಕಾದ ಅಂಕಿಗಳ ಕಡೆ ನೋಡಿದರೆ, ಲೋಡಿಂಗ್‌ಗಳು (ಕಾಣದ ಚಲಕಕ್ಕೂ ಪ್ರತಿ ಪರೀಕ್ಷೆಗೂ ಇರುವ ನಂಟಿನ ಅಳತೆ) ಒಂಬತ್ತಿದ್ದರೂ ಪ್ರತಿ ಸಾಲಿನ ಮೊದಲನೆಯದನ್ನು ಯಂತ್ರ ತಾನಾಗಿಯೇ 1 ಎಂದು ನಿಗದಿ ಮಾಡುವುದರಿಂದ (ಕಾಣದ್ದಕ್ಕೂ ಒಂದು ಅಳತೆಗೋಲು ಬೇಕಲ್ಲ) ಉಳಿಯುವುದು 6, ದೋಷಾಂಶಗಳು 9, ಕಾಣದ ಚಲಕಗಳ ವೇರಿಯನ್ಸ್ 3, ಅವುಗಳ ನಡುವಿನ ಕೋವೇರಿಯನ್ಸ್ 3. ಒಟ್ಟು 21. ಉಳಿತಾಯ 24, ಫಲಿತಾಂಶದಲ್ಲಿ ‘ಡಿಗ್ರೀಸ್ ಆಫ್ ಫ್ರೀಡಂ’ ಎಂದು ಬರುವುದೂ ಅದೇ 24. ಈ ಎರಡು ಸಂಖ್ಯೆ ಹೊಂದದಿದ್ದರೆ ನಾವು ಬರೆದದ್ದು ಒಂದು, ಮನಸ್ಸಿನಲ್ಲಿದ್ದದ್ದು ಇನ್ನೊಂದು ಎಂದರ್ಥ. ಮೊದಲ ಲೋಡಿಂಗ್ 1.000 ಎಂದು ಬಂದದ್ದನ್ನು ಕಂಡು ‘ಪೂರ್ತಿ ಅಂಕ ಬಂತು ಮೇಡಂ’ ಎಂದು ಹಿಗ್ಗಿದವರನ್ನು ನಾನು ನೋಡಿದ್ದೇನೆ. ಈ ಲೆಕ್ಕ ಮಾಡಿದವರು ಹಾಗೆ ಮೋಸಹೋಗುವುದಿಲ್ಲ.

ಈ ಉದಾಹರಣೆಯ ಇನ್ನೊಂದು ಗುಣವೆಂದರೆ ಅದು ಅಷ್ಟೇನೂ ಚೆನ್ನಾಗಿ ಹೊಂದದಿರುವುದು. ಮಾದರಿಗೂ ದತ್ತಾಂಶಕ್ಕೂ ಇರುವ ಅಂತರವನ್ನು ಹೇಳುವ ಕೈ-ವರ್ಗ (ಕೈ-ಸ್ಕ್ವೇರ್) 85.306, ಹೊಂದಾಣಿಕೆಯ ಇನ್ನೆರಡು ಸೂಚಿಗಳಾದ ಸಿಎಫ್‌ಐ 0.931, ಆರ್‌ಎಂಎಸ್‌ಇಎ 0.092. ಸಿಎಫ್‌ಐ 0.95ರ ಆಸುಪಾಸು, ಆರ್‌ಎಂಎಸ್‌ಇಎ 0.06ರ ಆಸುಪಾಸು ಇರಲಿ ಎನ್ನುವವರಿಗೆ ಇದು ಸಾಲದು. ಎಲ್ಲಿ ಸಡಿಲಿಸಿದರೆ ಕೈ-ವರ್ಗ ಎಷ್ಟು ಇಳಿದೀತು ಎಂಬ ಅಂದಾಜು ಪಟ್ಟಿಯನ್ನು ಕೇಳಿದರೆ, ಒಂಬತ್ತನೆಯ ಪರೀಕ್ಷೆಯನ್ನು ‘ದೃಶ್ಯ’ದ ಸಾಲಿಗೂ ಸೇರಿಸು ಎಂಬ ಸಲಹೆ 36.411ರೊಂದಿಗೆ ಎಲ್ಲಕ್ಕಿಂತ ಮೇಲೆ ಬರುತ್ತದೆ. ಆ ಪರೀಕ್ಷೆ ಯಾವುದೆಂದು ನೋಡಿ: ನೇರ ಗೆರೆಯ ಮತ್ತು ಬಾಗಿದ ಗೆರೆಯ ದೊಡ್ಡಕ್ಷರಗಳನ್ನು ಬೇಗ ಬೇಗ ಬೇರ್ಪಡಿಸುವುದು. ಅದರಲ್ಲಿ ವೇಗದ ಜೊತೆಗೆ ಕಣ್ಣಿನ ಕೆಲಸವೂ ಇರುವುದು ಸ್ಪಷ್ಟ, ಆದ್ದರಿಂದ ಮೊದಲ ಸಾಲಿನ ಕೊನೆಗೆ ‘+ ಎಕ್ಸ್9’ ಎಂದು ಬರೆಯುವವರು ಕಾರಣ ಹೇಳಬಲ್ಲರು. ನನ್ನ ಪ್ರಬಂಧದ ನಾಲ್ಕನೆಯ ಮತ್ತು ಏಳನೆಯ ಪ್ರಶ್ನೆಗಳಿಗೆ ಅಂತಹ ಯಾವ ನಂಟೂ ಇರಲಿಲ್ಲ. ಇದ್ದದ್ದು ಪಟ್ಟಿಯಲ್ಲಿನ ದೊಡ್ಡ ಅಂಕಿ ಮಾತ್ರ.

ಆರಂಭದಲ್ಲಿ ಎಡವುವುದು ಬಹುಪಾಲು ಸಣ್ಣ ವಿಷಯಗಳಲ್ಲಿ. ವರ್ಡ್ ಕಡತದಿಂದ ಆಜ್ಞೆಯನ್ನು ನಕಲಿಸಿದಾಗ ಬಾಗಿದ ಉದ್ಧರಣ ಚಿಹ್ನೆಗಳು ಬಂದು ಯಂತ್ರ ಮುನಿಸಿಕೊಳ್ಳುತ್ತದೆ. ಚಲಕದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರವಾದರೂ ‘ಅಂತಹ ಚಲಕವಿಲ್ಲ’ ಎನ್ನುತ್ತದೆ. ನಾನಂತೂ ನುಡಿ ತಂತ್ರಾಂಶ ಚಾಲೂ ಇದ್ದದ್ದನ್ನು ಮರೆತು ಒಂದು ಸಂಜೆಯನ್ನೇ ಕಳೆದಿದ್ದೇನೆ. ಇವೆಲ್ಲ ಪರದೆಯ ಮೇಲೆ ಕೆಂಪಾಗಿ ಕಾಣುವ ತಪ್ಪುಗಳು, ಅಪಾಯ ಕಡಿಮೆ. ಉತ್ತರ ಕೊಡದವರಿಗೆ 99 ಎಂದು ತುಂಬಿಟ್ಟು, ಅದು ಖಾಲಿಯೆಂದು ಹೇಳಲು ಮರೆತರೆ, ಯಂತ್ರ ಮಾತಿಲ್ಲದೆ 1ರಿಂದ 5ರ ಮಾಪಕದಲ್ಲಿ 99 ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘#’ ಚಿಹ್ನೆಯ ನಂತರ ಅದೇ ಸಾಲಿನಲ್ಲಿ ಬರೆದದ್ದನ್ನು ಯಂತ್ರ ಓದುವುದಿಲ್ಲವಾದ್ದರಿಂದ, ಪ್ರತಿ ಸಾಲನ್ನೂ ಏಕೆ ಬರೆದೆ ಎಂದು ಅಲ್ಲಿ ಕನ್ನಡದಲ್ಲೇ ಟಿಪ್ಪಣಿ ಹಾಕಿಡುವುದು ಈಗ ನನಗೆ ರೂಢಿಯಾಗಿದೆ.

ಚಿತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಓದುಗರಿಗೆ ಮಾದರಿಯನ್ನು ಒಂದೇ ನೋಟದಲ್ಲಿ ತೋರಿಸಲು ಚಿತ್ರಕ್ಕೆ ಸಾಟಿಯಿಲ್ಲ. ಆಜ್ಞೆಯ ಸಾಲುಗಳಲ್ಲೂ ಮರೆಮಾಚಿದ್ದು ಇದ್ದೇ ಇದೆ: ಮೇಲಿನ ಮೂರು ಸಾಲುಗಳಲ್ಲಿ ದೋಷಾಂಶಗಳ ಸುದ್ದಿಯೇ ಇಲ್ಲ, ಯಂತ್ರ ಅವನ್ನು ತಾನೇ ಸೇರಿಸಿಕೊಂಡಿತು. ಏಮೋಸ್‌ನಂತಹ ಚಿತ್ರದಲ್ಲಿ ಪ್ರತಿ ಆಯತದ ಪಕ್ಕದಲ್ಲೂ ದೋಷದ ವೃತ್ತ ಕಣ್ಣಿಗೆ ಕಾಣುವುದರಿಂದ ಆ ಒಂದು ವಿಷಯದಲ್ಲಿ ಚಿತ್ರವೇ ಒಳ್ಳೆಯ ಮೇಷ್ಟ್ರು ಎಂದು ಒಪ್ಪುತ್ತೇನೆ.

ಯುಜಿಸಿ ನಿಯಮದಂತೆ ಪಿಎಚ್‌.ಡಿ. ವಿದ್ಯಾರ್ಥಿಗಳೆಲ್ಲರೂ ಕೋರ್ಸ್‌ವರ್ಕ್ ಮುಗಿಸಲೇಬೇಕು. ಸಂಶೋಧನಾ ವಿಧಾನದ ಆ ಪತ್ರಿಕೆಯಲ್ಲಿ ‘ಸೆಮ್’ ಕಲಿಸುವ ವಿಭಾಗಗಳು ಮೊದಲು ಆಜ್ಞೆಯ ಸಾಲುಗಳನ್ನು, ಸಾಧ್ಯವಾದರೆ ಕನ್ನಡದ ವಿವರಣೆಯೊಂದಿಗೆ ಕಲಿಸಲಿ, ಚಿತ್ರ ಆಮೇಲೆ ಬರಲಿ. ‘ಆರ್’ ತೆರೆಯಲು ಅಂಜುವವರಿಗೆ, ಲಾವಾನ್ ಸಾಲುಗಳನ್ನೇ ಬರೆಯಲು ಜಾಗವಿರುವ ಜಾಸ್ಪ್ ಎಂಬ ಇನ್ನೊಂದು ಉಚಿತ ತಂತ್ರಾಂಶವಿದೆ. ಪರವಾನಗಿಯ ಖರ್ಚಿಲ್ಲದ್ದರಿಂದ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಹಾಕಿಸಲು ಯಾರ ಮಂಜೂರಾತಿಗೂ ಕಾಯಬೇಕಿಲ್ಲ. ಜೊತೆಗೆ, ಪ್ರಬಂಧದಲ್ಲಿ ಚಿತ್ರ ಅಚ್ಚಾದ ಕಡೆಯಲ್ಲೆಲ್ಲ ಅದರ ಹಿಂದಿನ ಆಜ್ಞೆಗಳನ್ನು ಅನುಬಂಧದಲ್ಲಿ ಕೊಡುವುದನ್ನು ವಿಶ್ವವಿದ್ಯಾಲಯಗಳು ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ. ಅದಕ್ಕೆ ಹೆಚ್ಚೆಂದರೆ ಎರಡು ಪುಟ ಬೇಕಾದೀತು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಅಧ್ಯಾಪಕಿ, ಶಿರಸಿ