ಗೃಹಸಾಲದ ಕಂತು ಮತ್ತು ಮನೆಯ ಲೆಕ್ಕದ ಪುಸ್ತಕ

ಮಾನ್ಯ ಸಂಪಾದಕರೇ,

ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ದರವನ್ನು, ಎಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರವನ್ನು, ಶೇ 6.5ರಿಂದ ಶೇ 5.5ಕ್ಕೆ ಇಳಿಸಿದಾಗ, ಗೃಹಸಾಲದ ಕಂತು ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಎಲ್ಲ ಕಡೆ ಮಾತಾಗಿತ್ತು. ಕಂತನ್ನು ಇಳಿಸಿಕೊಳ್ಳದೆ ಹಳೆಯ ಮೊತ್ತವನ್ನೇ ಕಟ್ಟುತ್ತ ಹೋದರೆ ಸಾಲ ಎಷ್ಟು ವರ್ಷ ಮುಂಚೆ ತೀರುತ್ತದೆ ಎಂದು ಕೇಳಿದವರನ್ನು ನಾನು ಹೆಚ್ಚು ಕಾಣಲಿಲ್ಲ. ಇಪ್ಪತ್ತು ವರ್ಷದ ಸಾಲವನ್ನು ಹನ್ನೊಂದು ವರ್ಷಕ್ಕೆ ತೀರಿಸಿದ ಮನೆಯ ಲೆಕ್ಕ ಬರೆದವಳಾಗಿ, ಆ ಅನುಭವವನ್ನೂ ಬ್ಯಾಂಕುಗಳಲ್ಲಿ ಈಗಲೂ ಆಗಬೇಕಾದ ಒಂದೆರಡು ಕೆಲಸಗಳನ್ನೂ ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ನನ್ನ ಯಜಮಾನರು ಹರಿಹರದ ಕಾರ್ಖಾನೆಯೊಂದರಲ್ಲಿ ನೌಕರರು. 2013ರಲ್ಲಿ ದಾವಣಗೆರೆಯಲ್ಲಿ ಮನೆ ಕೊಳ್ಳಲು ಶೇ 10.25ರ ಬಡ್ಡಿಗೆ 15 ಲಕ್ಷ ರೂಪಾಯಿ ಸಾಲ ಮಾಡಿದೆವು. ತಿಂಗಳ ಕಂತು 14,725 ರೂಪಾಯಿ. ಆಗ ಮನೆಗೆ ಬರುತ್ತಿದ್ದ ಸಂಬಳ 36 ಸಾವಿರ. ಒಂದು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಮೇಲೆ ಆದಾಯ ತೆರಿಗೆಗೆಂದು ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತಂದರು. ನಾವು ಕಟ್ಟಿದ್ದು 1,76,700 ರೂಪಾಯಿ. ಅಸಲಿನಲ್ಲಿ ಕಡಿಮೆಯಾದದ್ದು 24 ಸಾವಿರ ಚಿಲ್ಲರೆ. ಮೊದಲ ಕಂತಿನಲ್ಲಂತೂ 12,812 ರೂಪಾಯಿ ಬಡ್ಡಿಗೆ ಹೋಗಿ 1,912 ರೂಪಾಯಿ ಮಾತ್ರ ಅಸಲಿಗೆ ಸೇರಿತ್ತು. ಸಾಲಕ್ಕೆ ಸಹಿ ಹಾಕುವಾಗ ಇದನ್ನು ಯಾರೂ ನಮ್ಮಿಂದ ಮುಚ್ಚಿಟ್ಟಿರಲಿಲ್ಲ, ಆದರೆ ಯಾರೂ ಬಿಡಿಸಿ ಹೇಳಿಯೂ ಇರಲಿಲ್ಲ, ನಾವೂ ಕೇಳಿರಲಿಲ್ಲ.

ಅಂದಿನಿಂದ ಲೆಕ್ಕದ ಪುಸ್ತಕವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಪುಸ್ತಕ ಮದುವೆಯಾದಾಗಿನಿಂದಲೂ ಇತ್ತು. ಹಾಲು, ದಿನಸಿ, ತರಕಾರಿ, ಸ್ಕೂಲ್ ಫೀಸು, ಔಷಧಿ ಎಂದೆಲ್ಲ ಕಾಲಂ ಎಳೆದು, ಎಲ್ಲಿಯೂ ಸೇರದ ಖರ್ಚನ್ನು 'ಇತರೆ' ಎಂಬ ಕೊನೆಯ ಕಾಲಂಗೆ ತಳ್ಳುತ್ತಿದ್ದೆ. ಕೂಡಿ ನೋಡಿದರೆ ಆ ತಿಂಗಳು ಹಾಲಿಗಿಂತಲೂ ತರಕಾರಿಗಿಂತಲೂ ದೊಡ್ಡ ಮೊತ್ತ 'ಇತರೆ'ಯದೇ ಆಗಿತ್ತು: 3,140 ರೂಪಾಯಿ. ಆಟೊ, ಬೇಕರಿ, ನೋಡದ ಚಾನೆಲ್‌ಗಳ ಕೇಬಲ್ ಬಾಡಿಗೆ, ಎರಡೆರಡು ಬಾರಿ ಹಾಕಿಸಿದ ಮೊಬೈಲ್ ಕರೆನ್ಸಿ, ಎರಡು ಮದುವೆಗಳ ಮುಯ್ಯಿ. ಮುಯ್ಯಿಯನ್ನು ತಪ್ಪಿಸುವಂತಿರಲಿಲ್ಲ, ಅದು ನಮಗೂ ಹಿಂದೆ ಬಂದದ್ದೇ. ಉಳಿದವುಗಳಲ್ಲಿ ಸುಮಾರು ಎಂಟುನೂರು ರೂಪಾಯಿ, ಯಾರೂ ಉಪವಾಸ ಬೀಳದೆ, ಯಾರ ಮುಖವೂ ಬಾಡದೆ ಕಡಿಮೆಯಾಯಿತು.

ಇನ್ನೊಂದು ಏಳುನೂರು ದಿನಸಿಯಿಂದ ಬಂತು. ಬೀದಿಯ ಅಂಗಡಿಯಲ್ಲಿ ಉದ್ರಿ ಪುಸ್ತಕವಿಟ್ಟು ಬೇಕಾದಾಗ ಬೇಕಾದದ್ದನ್ನು ತರಿಸುವುದನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ಚೀಟಿ ಬರೆದುಕೊಂಡು ಮಂಡಿಪೇಟೆಗೆ ಹೋಗಿ ನಗದು ಕೊಟ್ಟು ತರಲಾರಂಭಿಸಿದೆವು. ಹೊಸ ಬೇಳೆ ಬಂದಾಗ ವರ್ಷಕ್ಕಾಗುವಷ್ಟು ತೊಗರಿಬೇಳೆ, ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮತ್ತು ಹುಣಸೆಹಣ್ಣು ತೆಗೆದು ಒಣಗಿಸಿ ಡಬ್ಬಿಗೆ ತುಂಬುವುದು ನಮ್ಮ ಅತ್ತೆಯವರ ಕಾಲದ ಪದ್ಧತಿಯೇ. ನಡುವೆ ನಾವು ಬಿಟ್ಟಿದ್ದೆವು. ಇದರ ಜೊತೆಗೆ ನಾನು ಸೀರೆಗಳಿಗೆ ಕುಚ್ಚು ಕಟ್ಟಿ ಗಳಿಸುತ್ತಿದ್ದುದನ್ನು ಮನೆಖರ್ಚಿಗೆ ಬೆರೆಸದೆ ಬೇರೆಯೇ ಇಟ್ಟೆ. ಆಯುಧಪೂಜೆಯ ಬೋನಸ್ ಬಂದಾಗ ಅದರಲ್ಲಿ ಮಕ್ಕಳ ಬಟ್ಟೆಗೆಂದು ತೆಗೆದು ಉಳಿದದ್ದನ್ನು ಇದಕ್ಕೆ ಕೂಡಿಸಿದರೆ ಮೊದಲ ಸಲ 22 ಸಾವಿರ ರೂಪಾಯಿ ಆಯಿತು.

ಆ 22 ಸಾವಿರ ಹಿಡಿದು ಬ್ಯಾಂಕಿಗೆ ಹೋದ ದಿನ ಚೆನ್ನಾಗಿ ನೆನಪಿದೆ. ಕೌಂಟರಿನಲ್ಲಿದ್ದವರು ಚಲನ್ ತಿರುಗಿಸಿ ನೋಡಿ, "ಇಷ್ಟು ಕಡಿಮೆ ದುಡ್ಡನ್ನ ಲೋನಿಗೆ ಯಾಕ್ ಹಾಕ್ತೀರಿ ಮೇಡಂ, ಎಫ್‌ಡಿ ಇಡ್ರಿ" ಎಂದರು. ಠೇವಣಿಗೆ ಸಿಗುವ ಬಡ್ಡಿ ನಾವು ಕೊಡುವ ಬಡ್ಡಿಗಿಂತ ಕಡಿಮೆಯಲ್ಲವೇ, ಅದಕ್ಕೂ ತೆರಿಗೆ ಬೇರೆ ಇದೆಯಲ್ಲವೇ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಹಣವನ್ನೇನೋ ಕಟ್ಟಿಸಿಕೊಂಡರು. ಎರಡು ತಿಂಗಳ ಬಳಿಕ ವಿವರಣಾ ಪಟ್ಟಿ ತೆಗೆಸಿದಾಗ ಆ ಹಣ ಅಸಲಿಗೆ ಸೇರದೆ ಮುಂಗಡ ಕಂತು ಎಂದು ಜಮೆಯಾಗಿರುವುದು ಕಂಡಿತು. ಮತ್ತೆ ಹೋಗಿ, ಮೊತ್ತವನ್ನು ಅಸಲಿಗೆ ಜಮೆ ಮಾಡಬೇಕು, ಕಂತು ಹಾಗೆಯೇ ಇರಬೇಕು, ಅವಧಿ ಕಡಿಮೆಯಾಗಬೇಕು ಎಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಂಡ ಮೇಲೆ ಸರಿಯಾಯಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಅದೇ ಅರ್ಜಿಯ ನಕಲು ಕೊಟ್ಟಿದ್ದೇನೆ. ಕಂತು ಕಡಿಮೆಯಾಗಲಿ ಎನ್ನುವುದಕ್ಕೂ ಅವಧಿ ಕಡಿಮೆಯಾಗಲಿ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಸಾಲಗಾರರು ತಾವೇ ತಿಳಿದಿರಬೇಕಾಗಿರುವುದು ದುರದೃಷ್ಟಕರ.

ಆ ಮೊದಲ 22 ಸಾವಿರದ ಬೆಲೆ ಎಷ್ಟೆಂದು ನನ್ನ ಮಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಬಡ್ಡಿದರ ಬದಲಾಗದೆ ಹಾಗೆಯೇ ಇದ್ದಿದ್ದರೆ, ಎರಡನೆಯ ವರ್ಷದ ಆರಂಭದಲ್ಲಿ ಕಟ್ಟಿದ ಆ ಹಣ ಪಟ್ಟಿಯ ಕೊನೆಯ ಹತ್ತು ಕಂತುಗಳನ್ನು, ಎಂದರೆ 1,47,250 ರೂಪಾಯಿಯನ್ನು ಅಳಿಸಿಹಾಕುತ್ತದೆ. ಅದೇ 22 ಸಾವಿರವನ್ನು ಹದಿನೈದು ವರ್ಷ ಕಳೆದ ಮೇಲೆ ಕಟ್ಟಿದರೆ ಹೋಗುವುದು ಎರಡೂವರೆ ಕಂತು. "ಕೈಯಲ್ಲಿ ದೊಡ್ಡ ಗಂಟು ಸೇರಿದಾಗ ಒಟ್ಟಿಗೆ ಕಟ್ಟೋಣ" ಎಂದು ಕಾಯುವವರಿಗೆ ನಾನು ಈ ಒಂದು ಲೆಕ್ಕವನ್ನೇ ಹೇಳುವುದು.

ತೆರಿಗೆ ವಿನಾಯಿತಿ ತಪ್ಪುತ್ತದೆ ಎಂದು ನಮಗೂ ಹಲವರು ಬುದ್ಧಿ ಹೇಳಿದ್ದರು. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಸಿಗುವ ಕಡಿತ ಹಳೆಯ ತೆರಿಗೆ ಪದ್ಧತಿಗೆ ಮಾತ್ರ ಅನ್ವಯಿಸುತ್ತದೆ. ಹೊಸ ಪದ್ಧತಿಯಲ್ಲಿರುವವರಿಗೆ ಅದೂ ಇಲ್ಲ. ಶೇ 10ರ ಹಂತದಲ್ಲಿದ್ದ ನಮ್ಮಂಥವರು ಹತ್ತು ರೂಪಾಯಿ ತೆರಿಗೆ ಉಳಿಸಲು ಬ್ಯಾಂಕಿಗೆ ನೂರು ರೂಪಾಯಿ ಬಡ್ಡಿ ಕೊಡುವುದನ್ನು ಲಾಭವೆಂದು ಕರೆಯಲು ನನಗೆ ಮನಸ್ಸು ಬರಲಿಲ್ಲ. ಮ್ಯೂಚುಯಲ್ ಫಂಡಿನಲ್ಲಿ ತೊಡಗಿಸಿದರೆ ಇದಕ್ಕಿಂತ ಹೆಚ್ಚು ಬರುತ್ತದೆ ಎನ್ನುವವರ ಮಾತನ್ನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಬರಬಹುದು, ಇಲ್ಲಿ ಉಳಿಯುವುದು ಖಚಿತ. ಒಂದೇ ಸಂಬಳದ ಮನೆಗೆ ಆ ಖಚಿತವೇ ದೊಡ್ಡದಾಗಿ ಕಂಡಿತು.

ನಮ್ಮಿಂದಲೂ ತಪ್ಪಾಗಿದೆ. ಸಾಲ ಇಳಿಯುವುದನ್ನು ನೋಡುವ ಹುಮ್ಮಸ್ಸಿನಲ್ಲಿ ಕೈಯಲ್ಲಿದ್ದುದನ್ನೆಲ್ಲ ಕಟ್ಟಿಬಿಡುತ್ತಿದ್ದೆವು. 2017ರ ಮಳೆಗಾಲದಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಮನೆಯಲ್ಲಿ ಆರು ಸಾವಿರ ರೂಪಾಯಿ ಕೂಡ ಇರಲಿಲ್ಲ. ಅಸಲಿಗೆ ಕಟ್ಟಿದ ಹಣವನ್ನು ಬ್ಯಾಂಕು ಹಿಂದಕ್ಕೆ ಕೊಡುವುದಿಲ್ಲವಲ್ಲ. ನನ್ನ ಬಳೆಗಳನ್ನು ಗಿರವಿ ಇಟ್ಟು, ಗೃಹಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ ಸಾಲ ತಂದು ಆಪರೇಷನ್ ಮಾಡಿಸಿದೆವು. ಆ ಬಳೆಗಳನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಆರು ಕಂತುಗಳಷ್ಟು ಹಣ ಉಳಿತಾಯ ಖಾತೆಯಲ್ಲಿ ಸೇರುವವರೆಗೂ ಅಸಲಿಗೆ ಒಂದು ರೂಪಾಯಿಯನ್ನೂ ಹೆಚ್ಚುವರಿಯಾಗಿ ಕಟ್ಟಲಿಲ್ಲ.

ಬಡ್ಡಿ ಏರುವಾಗಿನ ಕಥೆ ಬೇರೆ. ನಮ್ಮ ಎದುರುಮನೆಯವರು 2021ರಲ್ಲಿ ಶೇ 7ರ ಬಡ್ಡಿಗೆ 25 ಲಕ್ಷ ರೂಪಾಯಿಯನ್ನು ಇಪ್ಪತ್ತು ವರ್ಷಕ್ಕೆ ತೆಗೆದುಕೊಂಡರು, ಕಂತು 19,382. ರೆಪೊ ದರ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಶೇ 4ರಿಂದ 6.5ಕ್ಕೆ ಏರಿತು. ಅವರ ಕಂತು ಬದಲಾಗಲಿಲ್ಲವಾದ್ದರಿಂದ ಅವರಿಗೆ ಏನೂ ತಿಳಿಯಲೂ ಇಲ್ಲ. ಸುಮಾರು 24 ಲಕ್ಷ ರೂಪಾಯಿ ಬಾಕಿಯ ಮೇಲೆ ಶೇ 9.5ರಂತೆ ತಿಂಗಳ ಬಡ್ಡಿಯೇ 19 ಸಾವಿರವಾಗಿ, ಅಸಲಿಗೆ ನಾಲ್ಕುನೂರು ರೂಪಾಯಿಯೂ ಸೇರದ ಸ್ಥಿತಿ ಬಂದಾಗ ಶಾಖೆಯಿಂದ ಕರೆ ಬಂತು. ಇಂಥ ಪ್ರಕರಣಗಳನ್ನು ಗಮನಿಸಿಯೇ ಇರಬೇಕು, ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ, ದರ ಬದಲಾದಾಗ ಕಂತು ಹೆಚ್ಚಿಸಬೇಕೇ, ಅವಧಿ ವಿಸ್ತರಿಸಬೇಕೇ ಎಂಬ ಆಯ್ಕೆಯನ್ನು ಸಾಲಗಾರರಿಗೇ ಬಿಡಬೇಕು, ಭಾಗಶಃವಾಗಿಯಾಗಲಿ ಪೂರ್ತಿಯಾಗಲಿ ಯಾವಾಗ ಬೇಕಾದರೂ ಮುಂಚಿತವಾಗಿ ಕಟ್ಟಲು ಬಿಡಬೇಕು, ಈವರೆಗೆ ವಸೂಲಾದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇವನ್ನೆಲ್ಲ ಮೂರು ತಿಂಗಳಿಗೊಮ್ಮೆ ತಿಳಿಸಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕಕೂಡದು ಎಂಬ ಆದೇಶವಂತೂ 2012ರ ಜೂನ್‌ನಿಂದಲೇ ಇದೆ.

ಈಗ ದರ ಇಳಿದಿರುವುದರಿಂದ ಅದೇ ಆಯ್ಕೆಯನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಹುದು. ಇಪ್ಪತ್ತು ವರ್ಷದ ಅವಧಿ ಬಾಕಿಯಿರುವ 25 ಲಕ್ಷ ರೂಪಾಯಿ ಸಾಲದ ಬಡ್ಡಿ ಶೇ 9.5ರಿಂದ 8.5ಕ್ಕೆ ಇಳಿದರೆ ಕಂತು 23,303ರಿಂದ 21,696ಕ್ಕೆ ಇಳಿಯುತ್ತದೆ. ಆ 1,607 ರೂಪಾಯಿಯನ್ನು ಕೈಗೆ ಪಡೆಯದೆ ಹಳೆಯ ಕಂತನ್ನೇ ಮುಂದುವರಿಸಿದರೆ 240 ತಿಂಗಳ ಬದಲು ಸುಮಾರು 202 ತಿಂಗಳಿಗೆ ಸಾಲ ಮುಗಿದು, ಬಡ್ಡಿಯಲ್ಲಿ 5 ಲಕ್ಷ ರೂಪಾಯಿಯಷ್ಟು ಉಳಿಯುತ್ತದೆ. ಇದಕ್ಕೆ ಮನೆಯ ಖರ್ಚಿನಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಬೇಕಾಗಿಲ್ಲ, ಈಗಾಗಲೇ ಹೊಂದಿಕೊಂಡಿರುವ ಮೊತ್ತವದು. ನಾವೂ ಕೊನೆಯ ಕೆಲವು ತಿಂಗಳು ಹೀಗೆಯೇ ಮಾಡಿದೆವು: 2023ರಲ್ಲಿ ಗೃಹಜ್ಯೋತಿ ಬಂದು ಕರೆಂಟ್ ಬಿಲ್ ಸೊನ್ನೆಯಾದಾಗ, ಬಿಲ್ಲಿಗೆಂದು ತೆಗೆದಿಡುತ್ತಿದ್ದ ಹಣವನ್ನು ಖರ್ಚಿಗೆ ಬಿಡದೆ ಸಾಲದ ಖಾತೆಗೇ ಹಾಕಿದೆವು.

2024ರ ಫೆಬ್ರುವರಿಯಲ್ಲಿ ಸಾಲ ತೀರಿತು. ಮೂಲ ಪತ್ರಗಳು ಬೇರೆ ಊರಿನ ಕಚೇರಿಯಲ್ಲಿವೆ, ಬರಲು ಎರಡು ತಿಂಗಳಾಗಬಹುದು ಎಂದು ಶಾಖೆಯವರು ಹೇಳಿದಾಗ, ಪೂರ್ತಿ ಮರುಪಾವತಿಯಾದ 30 ದಿನದೊಳಗೆ ಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವುದನ್ನು ನೆನಪಿಸಿದೆವು. ಇಪ್ಪತ್ತೇಳನೆಯ ದಿನ ಪತ್ರಗಳು ಕೈಗೆ ಬಂದವು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಸಾಲಕ್ಕಾಗಿ ಮನೆಯ ಅಡಮಾನ ಪತ್ರ ನೋಂದಣಿಯಾಗಿದ್ದರೆ, ಅದು ತೀರಿತೆಂಬುದನ್ನೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಹೊಸದಾಗಿ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆದು ನೋಡಿಕೊಳ್ಳಬೇಕು; ಇಲ್ಲವಾದರೆ ಮುಂದೆ ಮನೆ ಮಾರುವಾಗಲೋ ಮಕ್ಕಳ ಹೆಸರಿಗೆ ಮಾಡುವಾಗಲೋ ತೀರಿದ ಸಾಲ ಕಾಗದದಲ್ಲಿ ಹಾಗೆಯೇ ಕುಳಿತಿರುತ್ತದೆ.

ಬ್ಯಾಂಕುಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕೆಂದು 2024ರ ಅಕ್ಟೋಬರ್‌ನಿಂದ ನಿಯಮವಿದೆ. ಮೂರು ತಿಂಗಳಿಗೊಮ್ಮೆ ಕೊಡುವ ವಿವರಣಾ ಪಟ್ಟಿಯನ್ನೂ ಹಾಗೆಯೇ ಕನ್ನಡದಲ್ಲಿ, ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು, ಇನ್ನೆಷ್ಟು ಕಂತು ಎಂಬ ಮೂರು ಸಾಲು ದಪ್ಪಕ್ಷರದಲ್ಲಿ ಕಾಣುವಂತೆ ಕೊಡಲಿ. ಹೆಚ್ಚುವರಿ ಹಣ ಕಟ್ಟುವ ಚಲನ್‌ನಲ್ಲಿ 'ಅಸಲಿಗೆ ಜಮೆ – ಅವಧಿ ಇಳಿಕೆ', 'ಅಸಲಿಗೆ ಜಮೆ – ಕಂತು ಇಳಿಕೆ', 'ಮುಂಗಡ ಕಂತು' ಎಂದು ಮೂರು ಚೌಕಗಳಿರಲಿ. ಗುರುತು ಹಾಕುವುದು ಸಾಲಗಾರರ ಕೆಲಸವಾಗಲಿ. ಜಿಲ್ಲೆಯ ಎಲ್ಲ ಬ್ಯಾಂಕುಗಳ ಅಧಿಕಾರಿಗಳು ಲೀಡ್ ಬ್ಯಾಂಕ್ ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೂರು ತಿಂಗಳಿಗೊಮ್ಮೆ ಸೇರುತ್ತಾರೆ. ಮುಂದಿನ ಸಭೆಯಲ್ಲಿ ಈ ಚಲನ್ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

– ಗೃಹಿಣಿ, ದಾವಣಗೆರೆ